ಇಬ್ಬರು ಮುಷ್ಟಿಮಲ್ಲರು

ಮುಷ್ಟಿಯುದ್ಧವು ಸಾಧುಜನರ ವಿನೋದವಲ್ಲ. ಒಬ್ಬನು ಮತ್ತೊಬ್ಬನನ್ನು ಮೂಗುಬಾಯಿಯಲ್ಲಿ ನೆತ್ತರು ಬರುವಂತೆ ಗುದ್ದುವುದು, ಅದನ್ನು ಸಾವಿರಾರು ಮಂದಿ ಹಣ ಕೊಟ್ಟು ನೋಡುವುದು, ಇದರಲ್ಲಿ ಸಂತೋಷಪಡತಕ್ಕದ್ದೇನಿದೆ ಎಂದು ನಮ್ಮ ಸೋದರಿಯರು ಕೇಳಿದರೆ ಸುಲಭವಾಗಿ ಉತ್ತರ ಕೊಡಲಾರೆವು. ಆದರೂ ಮನೆಮಂದಿಯೆಲ್ಲ ಓದುವ ಈ ಪತ್ರಿಕೆಯಲ್ಲಿ ಅಂಥದೊಂದು ಕಾಳಗದ ಕಥೆಯನ್ನು ಹೇಳಲು ಹೊರಟಿದ್ದೇವೆ. ೧೯೩೮ನೆಯ ಇಸವಿ ಜೂನ್ ತಿಂಗಳ ೨೨ನೆಯ ತಾರೀಖಿನ ರಾತ್ರಿ ನ್ಯೂಯಾರ್ಕ್ ನಗರದಲ್ಲಿ ಇಬ್ಬರು ಗಂಡಸರು ಗುದ್ದಾಡಿದರು. ಪೆಟ್ಟು ತಿಂದವನು ಒಬ್ಬನೇ. ಆದರೆ ಭಾರ ಹೊತ್ತವರು ಇಬ್ಬರೂ. ಆ ಭಾರವನ್ನು ಅವರ ಹೆಗಲಿಗೇರಿಸಿದವರು ಮಾತ್ರ ಕಣದ ಹೊರಗೆ ಸುಖವಾಗಿ ಕುಳಿತಿದ್ದರು.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ನಮ್ಮ ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಮುಷ್ಟಿಯುದ್ಧದಲ್ಲಿ ಹಾಗಲ್ಲ. ಕೈಗೆ ಮೆತ್ತೆಯಿಟ್ಟ ಚರ್ಮದ ಗವುಸುಗಳನ್ನು ತೊಟ್ಟು, ಹಗ್ಗ ಕಟ್ಟಿದ ಚೌಕದೊಳಗೆ ಇಬ್ಬರೂ ನಿಲ್ಲುತ್ತಾರೆ. ಮೂರು ನಿಮಿಷಕ್ಕೆ ಒಂದು ಸುತ್ತು. ಸುತ್ತಿಗೂ ಸುತ್ತಿಗೂ ನಡುವೆ ಒಂದು ನಿಮಿಷ ವಿಶ್ರಾಂತಿ. ಕೆಳಗೆ ಬಿದ್ದವನು ಮಧ್ಯಸ್ಥನು ಹತ್ತು ಎಣಿಸುವುದರೊಳಗೆ ಏಳದೆ ಹೋದರೆ ಸೋತಂತೆ. ಮಲ್ಲರನ್ನು ಅವರ ತೂಕದ ಮೇಲೆ ವರ್ಗಗಳಾಗಿ ವಿಂಗಡಿಸುವರು. ಆ ಕಾಲದಲ್ಲಿ ೧೭೫ ಪೌಂಡಿಗೆ ಮೇಲ್ಪಟ್ಟವರೆಲ್ಲರೂ ಹೆವಿವೇಯ್ಟ್ ಎಂಬ ವರ್ಗಕ್ಕೆ ಸೇರಿದವರು. ಆ ವರ್ಗದಲ್ಲಿ ಎಲ್ಲರನ್ನೂ ಗೆದ್ದವನೇ ಜಗಜ್ಜೆಟ್ಟಿ. ಅಮೆರಿಕದಲ್ಲಿ ಆ ಬಿರುದಿಗಿದ್ದ ಮರ್ಯಾದೆ ಎಷ್ಟೋ ಮಂತ್ರಿಗಳಿಗೆ ಇರಲಿಲ್ಲ.

ನಮ್ಮ ಕಥೆಯ ಮೊದಲನೆಯ ಮಲ್ಲನು ಜೋ ಲೂಯಿಸ್. ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ಸಂಸ್ಥಾನದಲ್ಲಿ, ಹತ್ತಿ ಬೆಳೆಯುವ ಸೀಮೆಯ ಒಂದು ಬಡ ಒಕ್ಕಲು ಮನೆಯಲ್ಲಿ, ೧೯೧೪ನೆಯ ಮೇ ೧೩ರಂದು ಹುಟ್ಟಿದನು. ಕರಿಯ ಜನಾಂಗದ ಮನೆ. ಎಂಟು ಮಕ್ಕಳಲ್ಲಿ ಇವನು ಏಳನೆಯವನು. ತಂದೆಗೆ ಬುದ್ಧಿಭ್ರಮಣೆಯಾಗಿ ಆಸ್ಪತ್ರೆಗೆ ಸೇರಿಸಿದರು. ಆತನು ತೀರಿಹೋದನೆಂದೇ ಮನೆಯವರು ಬಹುಕಾಲ ನಂಬಿದ್ದರು. ನಿಜವಾಗಿ ಆತನು ೧೯೩೮ರವರೆಗೂ ಅಲ್ಲಿಯೇ ಜೀವಿಸಿದ್ದನು. ತನ್ನ ಮಗನ ಹೆಸರು ಲೋಕವೆಲ್ಲ ತುಂಬಿದ್ದು ಆತನಿಗೆ ತಿಳಿಯದೆಯೇ ಹೋಯಿತೆಂದು ಹೇಳುತ್ತಾರೆ. ತಾಯಿ ಲಿಲ್ಲಿ ಮರುಮದುವೆಯಾದಳು. ೧೯೨೬ರಲ್ಲಿ ಸಂಸಾರವೆಲ್ಲ ಹೊಟ್ಟೆಪಾಡಿಗಾಗಿ ಉತ್ತರದ ಡೆಟ್ರಾಯಿಟ್ ನಗರಕ್ಕೆ, ಮೋಟಾರು ಕಾರ್ಖಾನೆಗಳ ಊರಿಗೆ, ಬಂದಿತು. ಹುಡುಗನು ಪೋಲಿಗಳ ಸಹವಾಸಕ್ಕೆ ಬೀಳದಿರಲೆಂದು ತಾಯಿ ಪಿಟೀಲು ಕಲಿಯಲು ಹಣ ಕೊಡುತ್ತಿದ್ದಳು. ಹುಡುಗನು ಆ ಹಣವನ್ನು ವ್ಯಾಯಾಮಶಾಲೆಗೆ ಕೊಟ್ಟು ಮುಷ್ಟಿಯುದ್ಧವನ್ನು ಕಲಿತನು. ಪಿಟೀಲಿಗೆ ಎಷ್ಟು ನಷ್ಟವಾಯಿತೋ ನಾವು ಹೇಳಲಾರೆವು.

೧೯೩೪ನೆಯ ಜುಲೈ ೪ರಂದು ಷಿಕಾಗೋ ನಗರದಲ್ಲಿ ಹಣಕ್ಕಾಗಿ ಮೊದಲ ಬಾರಿ ಕಣಕ್ಕಿಳಿದವನು ಮೊದಲನೆಯ ಸುತ್ತಿನಲ್ಲಿಯೇ ಎದುರಾಳಿಯನ್ನು ಕೆಡವಿದನು. ಮರುವರ್ಷ ಇಟಲಿಯ ದೈತ್ಯಕಾಯನಾದ ಪ್ರೀಮೋ ಕಾರ್ನೆರಾ ಆರು ಸುತ್ತಿನಲ್ಲಿ ಉರುಳಿದನು. ಮ್ಯಾಕ್ಸ್ ಬೇರ್ ನಾಲ್ಕರಲ್ಲಿ. ಇವರಿಬ್ಬರೂ ಹಿಂದೆ ಜಗಜ್ಜೆಟ್ಟಿಗಳಾಗಿದ್ದವರು. ಲೂಯಿಸನಿಗಾದರೋ ಆಗಿನ್ನೂ ಇಪ್ಪತ್ತೊಂದು ವರ್ಷ.

ಇಲ್ಲಿ ಹಿಂದಿನ ಕಥೆಯೊಂದನ್ನು ತಿಳಿದಿರಬೇಕು. ೧೯೦೮ರಲ್ಲಿ ಜ್ಯಾಕ್ ಜಾನ್ಸನ್ ಎಂಬಾತನು ಕರಿಯರಲ್ಲಿ ಮೊದಲಿಗನಾಗಿ ಈ ಬಿರುದನ್ನು ಗೆದ್ದನು. ಅವನು ಬಿಳಿಯರ ಮುಂದೆ ತಲೆತಗ್ಗಿಸುವ ಜಾಯಮಾನದವನಲ್ಲ. ಗೆದ್ದು ನಗುತ್ತಿದ್ದನು, ಬಿಳಿಯ ಹೆಂಗಸರನ್ನು ಮದುವೆಯಾದನು. ೧೯೧೦ರಲ್ಲಿ ಅವನು ಜೆಫ್ರೀಸ್ ಎಂಬ ಬಿಳಿಯ ಮಲ್ಲನನ್ನು ಸೋಲಿಸಿದ ದಿನ ಅಮೆರಿಕದ ಅನೇಕ ಊರುಗಳಲ್ಲಿ ಕರಿಯರ ಮೇಲೆ ಬಿದ್ದು ಹೊಡೆದರು, ಕೊಲೆಗಳೂ ಆದವು. ೧೯೧೫ರಲ್ಲಿ ಅವನು ಸೋತ ತರುವಾಯ ಇಪ್ಪತ್ತೆರಡು ವರ್ಷ ಕಾಲ ಯಾವ ಕರಿಯನಿಗೂ ಆ ಬಿರುದಿಗಾಗಿ ಹೋರಾಡಲು ಅವಕಾಶವನ್ನೇ ಕೊಡಲಿಲ್ಲ. ಆದುದರಿಂದ ಲೂಯಿಸನ ಮ್ಯಾನೇಜರರು ಅವನಿಗೆ ಕಟ್ಟುನಿಟ್ಟು ಮಾಡಿದರು: ಬಿದ್ದವನನ್ನು ನೋಡಿ ನಗಕೂಡದು, ಎದುರಾಳಿಯನ್ನು ಹಳಿಯಕೂಡದು, ಬಿಳಿಯ ಹೆಂಗಸಿನೊಡನೆ ಎಂದಿಗೂ ಫೋಟೋ ತೆಗೆಸಿಕೊಳ್ಳಕೂಡದು. ಹೀಗೆ ಇಪ್ಪತ್ತೊಂದು ವರ್ಷದ ತರುಣನು ಗೆದ್ದಾಗಲೂ ಮುಖದಲ್ಲಿ ನಗೆ ಸುಳಿಯದಂತೆ ಕಾದುಕೊಳ್ಳಬೇಕಾಯಿತು. ಪತ್ರಿಕೆಯವರು ಇದನ್ನು ಕಂಡು, ಇವನಿಗೆ ಭಾವನೆಗಳೇ ಇಲ್ಲವೆಂದು ಬರೆದರು!

ಎರಡನೆಯವನು ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್. ಲೂಯಿಸನಿಗಿಂತ ಎಂಟು ವರ್ಷ ದೊಡ್ಡವನು. ೧೯೦೫ನೆಯ ಸೆಪ್ಟೆಂಬರ್ ೨೮ರಂದು ಹುಟ್ಟಿದವನು. ದಪ್ಪ ಹುಬ್ಬು, ಕಪ್ಪು ಕೂದಲು, ಮಿತಭಾಷಿ. ೧೯೩೦ರಲ್ಲಿ ಅಮೆರಿಕದ ಜ್ಯಾಕ್ ಷಾರ್ಕಿಯು ಸೊಂಟದ ಕೆಳಗೆ ಹೊಡೆದನೆಂದು ಮಧ್ಯಸ್ಥರು ತೀರ್ಪುಕೊಟ್ಟದ್ದರಿಂದ ನೆಲದ ಮೇಲೆ ಬಿದ್ದಿದ್ದ ಶ್ಮೆಲಿಂಗನೇ ಜಗಜ್ಜೆಟ್ಟಿಯಾದನು. ಎರಡು ವರ್ಷದ ಮೇಲೆ ಅದೇ ಷಾರ್ಕಿಯ ಕೈಗೆ, ಅನೇಕರಿಗೆ ಒಪ್ಪಿಗೆಯಾಗದ ತೀರ್ಪಿನಿಂದ, ಬಿರುದು ಹೋಯಿತು. ೧೯೩೩ರಲ್ಲಿ ಆನಿ ಓಂಡ್ರಾ ಎಂಬ ಪ್ರಸಿದ್ಧ ಚಲಚ್ಚಿತ್ರ ನಟಿಯನ್ನು ಮದುವೆಯಾದನು.

ಅದೇ ವರ್ಷ ಜರ್ಮನಿಯು ಹಿಟ್ಲರನ ಕೈಗೆ ಹೋಗಿತ್ತು. ಶ್ಮೆಲಿಂಗನ ಅಮೆರಿಕದ ಮ್ಯಾನೇಜರು ಜೋ ಜೇಕಬ್ಸ್ ಎಂಬಾತನು ಯೆಹೂದಿ. ಅವನನ್ನು ಬಿಟ್ಟುಬಿಡೆಂದು ಅಧಿಕಾರಿಗಳು ಒತ್ತಾಯಪಡಿಸಿದರು, ಶ್ಮೆಲಿಂಗನು ಬಿಡಲಿಲ್ಲ. ೧೯೩೫ರಲ್ಲಿ ಹ್ಯಾಂಬರ್ಗಿನಲ್ಲಿ ಶ್ಮೆಲಿಂಗನು ಗೆದ್ದಾಗ ನೆರೆದವರೆಲ್ಲ ಕೈ ಚಾಚಿ ನಾಜಿ ವಂದನೆ ಮಾಡಿ ಹಾಡತೊಡಗಿದರು. ಕಣದ ನಡುವೆ ನಿಂತಿದ್ದ ಜೇಕಬ್ಸನು ಏನು ಮಾಡಬೇಕು? ಅವನೂ ಕೈಯೆತ್ತಿದನು, ಆ ಕೈಯ ಬೆರಳುಗಳ ನಡುವೆ ಒಂದು ದೊಡ್ಡ ಚುಟ್ಟ! ಆ ಚಿತ್ರವು ಪತ್ರಿಕೆಗಳಲ್ಲಿ ಬಂದು, ನಾಜಿಗಳಿಗೂ ಕೋಪ, ಯೆಹೂದಿಗಳಿಗೂ ಕೋಪ.

ಹೀಗೆಂದು ಶ್ಮೆಲಿಂಗನನ್ನು ಸಾಧುಪುರುಷನೆಂದು ನಾವು ಹೊಗಳಹೊರಟಿಲ್ಲ. ಅವನು ನಾಜಿ ಪಕ್ಷಕ್ಕೆ ಸೇರಲಿಲ್ಲವೆಂಬುದು ದಿಟ. ಹಿಟ್ಲರನ ಜತೆಯಲ್ಲಿ ಕುಳಿತು ಊಟ ಮಾಡಿದ್ದೂ ದಿಟ. ಬರ್ಲಿನ್ನಿನಲ್ಲಿ ೧೯೩೬ರ ಒಲಿಂಪಿಕ್ ಕ್ರೀಡೆಗಳಿಗೆ ಅಮೆರಿಕದವರು ಬರಲು ಹಿಂದೆಗೆಯುತ್ತಿದ್ದಾಗ, ಅಲ್ಲಿ ಕರಿಯರಿಗೂ ಯೆಹೂದಿಗಳಿಗೂ ಕೇಡಾಗದೆಂದು ಭರವಸೆ ಹೇಳಿದವರಲ್ಲಿ ಅವನೂ ಒಬ್ಬನು. ಅದು ತನ್ನ ಮೂಢತನವೆಂದು ಮುಂದೆ ಅವನೇ ಒಪ್ಪಿಕೊಂಡನು. ಕೀರ್ತಿವಂತನಾದವನು ತನಗೆ ರಾಜಕೀಯ ಬೇಡವೆಂದರೂ ರಾಜಕೀಯವು ಅವನನ್ನು ಬಿಡುವುದಿಲ್ಲ.

ಇವರಿಬ್ಬರ ಮೊದಲನೆಯ ಕಾಳಗವು ೧೯೩೬ನೆಯ ಜೂನ್ ೧೯ರಂದು ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಂ ಎಂಬ ಬಯಲಿನಲ್ಲಿ ನಡೆಯಿತು. ಹಿಂದಿನ ದಿನ ನಡೆಯಬೇಕಾಗಿದ್ದದ್ದು ಮಳೆಯಿಂದ ನಿಂತುಹೋಗಿತ್ತು. ಅಂದಿನವರೆಗೆ ಲೂಯಿಸನಿಗೆ ಸೋಲೆಂಬುದಿಲ್ಲ. ಶ್ಮೆಲಿಂಗನು ಮೂವತ್ತು ದಾಟಿದವನು, ಮುಗಿದುಹೋದವನು ಎಂದು ಎಲ್ಲರ ಎಣಿಕೆ. ಲೂಯಿಸನೂ ಹಾಗೆಯೇ ಎಣಿಸಿರಬೇಕು. ಸಾಧನೆಯ ಹೊತ್ತಿನಲ್ಲಿ ಗಾಲ್ಫ್ ಆಡುತ್ತಿದ್ದನಂತೆ. ಅವನ ಗುರು, ಗರಡಿಯ ಮಾತಿನಲ್ಲಿ ಹೇಳುವುದಾದರೆ ಅವನ ಉಸ್ತಾದ, ಜ್ಯಾಕ್ ಬ್ಲ್ಯಾಕ್‌ಬರ್ನನಿಗೆ ಇದು ಹಿಡಿಸಲಿಲ್ಲ.

ಶ್ಮೆಲಿಂಗನಾದರೋ ಹಿಂದಿನ ಡಿಸೆಂಬರಿನಲ್ಲಿ ಲೂಯಿಸನ ಕಾಳಗವೊಂದನ್ನು ಹತ್ತಿರದಿಂದ ನೋಡಿದ್ದನು. ಅವನ ಚಲಚ್ಚಿತ್ರಗಳನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ್ದನು. ಪತ್ರಿಕೆಯವರು ಕೇಳಿದಾಗ, ತಾನೊಂದನ್ನು ಕಂಡಿರುವೆನೆಂದು ಮಾತ್ರ ಹೇಳಿದನು, ಅದೇನೆಂದು ಹೇಳಲಿಲ್ಲ. ಅವನು ಕಂಡದ್ದು ಇಷ್ಟೆ: ಲೂಯಿಸನು ಎಡಗೈಯಿಂದ ಗುದ್ದಿದ ಮೇಲೆ ಆ ಕೈಯನ್ನು ಹಿಂದಕ್ಕೆ ಸೆಳೆದುಕೊಳ್ಳುವಾಗ ಕೊಂಚ ಕೆಳಗೆ ಇಳಿಸುತ್ತಿದ್ದನು. ಆ ಒಂದು ಕ್ಷಣ ಎಡಗೆನ್ನೆಗೆ ಕಾವಲಿಲ್ಲ. ಬಾಗಿಲು ತೆರೆದಿರುವಷ್ಟು ಹೊತ್ತಿನಲ್ಲಿ ಬಲಗೈ ನುಗ್ಗಬೇಕು. ನಾಲ್ಕನೆಯ ಸುತ್ತಿನಲ್ಲಿ ಅದು ನುಗ್ಗಿತು. ಲೂಯಿಸನು ಹಣದ ಕಾಳಗಗಳಲ್ಲಿ ಮೊಟ್ಟಮೊದಲ ಬಾರಿಗೆ ನೆಲ ಕಂಡನು. ಅಲ್ಲಿಂದ ಮುಂದೆ ನೋಡುವವರಿಗೇ ಕಷ್ಟ. ಗೆನ್ನೆ ಊದಿ, ಕಣ್ಣು ಮಂಜಾಗಿ, ಮೂಲೆಗೆ ಹೋಗುವ ದಾರಿ ತಿಳಿಯದೆ ಅವನು ಎಂಟು ಸುತ್ತು ನಿಂತನು. ಹನ್ನೆರಡನೆಯ ಸುತ್ತಿನಲ್ಲಿ ಬಿದ್ದವನು ಹತ್ತು ಎಣಿಸಿದರೂ ಏಳಲಿಲ್ಲ.

ನ್ಯೂಯಾರ್ಕಿನಲ್ಲಿ ಕರಿಯರು ವಾಸಿಸುವ ಹಾರ್ಲೆಮ್ ಭಾಗದಲ್ಲಿ ಆ ರಾತ್ರಿ ಸೂತಕದ ಮನೆಯಂತಿತ್ತು. ಪ್ರಾಯದ ಗಂಡಸರು ಬೀದಿಯಲ್ಲಿ ಅತ್ತುದನ್ನು ಕಂಡೆನೆಂದು ಕವಿ ಲಾಂಗ್‌ಸ್ಟನ್ ಹ್ಯೂಸನು ಬರೆದಿಟ್ಟಿದ್ದಾನೆ. ಅತ್ತ ಬರ್ಲಿನ್ನಿನಲ್ಲಿ ಆನಿ ಓಂಡ್ರಾ ಪ್ರಚಾರಮಂತ್ರಿ ಗೋಬೆಲ್ಸನ ಮನೆಯಲ್ಲಿ ರೇಡಿಯೋ ಮುಂದೆ ಕುಳಿತಿದ್ದಳು. ಶ್ಮೆಲಿಂಗನು ಹಿಂಡೆನ್‌ಬರ್ಗ್ ಎಂಬ ವಿಮಾನನೌಕೆಯಲ್ಲಿ ಸ್ವದೇಶಕ್ಕೆ ಹಿಂದಿರುಗಿದನು (ಮರುವರ್ಷವೇ ಸುಟ್ಟು ಬಿದ್ದ ಆ ನೌಕೆಯನ್ನು ವಾಚಕರು ಕೇಳಿಯೇ ಇದ್ದಾರೆ). ಅವನ ಗೆಲುವಿನ ಚಿತ್ರವನ್ನು ಜರ್ಮನಿಯ ಗೆಲುವೆಂಬ ಹೆಸರಿನಲ್ಲಿಯೇ ಊರೂರಿಗೆ ತೋರಿಸಿದರು. ಒಬ್ಬನ ಎಡಗೈ ಕೊಂಚ ಕೆಳಗಿಳಿದದ್ದರಿಂದ ಒಂದು ಜನಾಂಗವು ಶ್ರೇಷ್ಠವೆಂದೂ ಇನ್ನೊಂದು ಕೀಳೆಂದೂ ಸಿದ್ಧವಾಯಿತಂತೆ!

ನ್ಯಾಯವಾಗಿ ನೋಡಿದರೆ ಬಿರುದಿಗಾಗಿ ಹೋರಾಡುವ ಸರದಿ ಈಗ ಶ್ಮೆಲಿಂಗನದು. ಆಗ ಜಗಜ್ಜೆಟ್ಟಿಯಾಗಿದ್ದವನು ಜೇಮ್ಸ್ ಬ್ರಾಡಕ್. ಅವನೊಡನೆ ಕರಾರೂ ಆಗಿತ್ತು. ಆದರೆ ಬಿರುದು ಹಿಟ್ಲರನ ದೇಶಕ್ಕೆ ಹೋದರೆ ಮತ್ತೆ ಬರಲಾರದೆಂಬ ಅಂಜಿಕೆ, ಯೆಹೂದಿಗಳ ಬಹಿಷ್ಕಾರ, ಎಲ್ಲಕ್ಕೂ ಮಿಗಿಲಾಗಿ ಹಣದ ಲೆಕ್ಕಾಚಾರ, ಇವೆಲ್ಲ ಸೇರಿ ಆ ಕಾಳಗವು ನಡೆಯದೆ ಹೋಯಿತು. ಲೂಯಿಸನನ್ನು ಎದುರಿಸಲು ಒಪ್ಪಿದುದಕ್ಕೆ ಬ್ರಾಡಕನು ಹತ್ತು ವರ್ಷ ಕಾಲ ಕಾಳಗಗಳ ಗುತ್ತಿಗೆದಾರನಾದ ಮೈಕ್ ಜೇಕಬ್ಸನ ಲಾಭದಲ್ಲಿ ಪಾಲು ಪಡೆದನು. ೧೯೩೭ನೆಯ ಜೂನ್ ೨೨ರಂದು ಷಿಕಾಗೋವಿನಲ್ಲಿ ಎಂಟನೆಯ ಸುತ್ತಿನಲ್ಲಿ ಬ್ರಾಡಕನು ಬಿದ್ದನು. ಲೂಯಿಸ್ ಜಗಜ್ಜೆಟ್ಟಿ. ಆದರೆ ಶ್ಮೆಲಿಂಗನನ್ನು ಗೆಲ್ಲುವವರೆಗೂ ತನ್ನನ್ನು ಯಾರೂ ಜಗಜ್ಜೆಟ್ಟಿಯೆಂದು ಕರೆಯಬಾರದೆಂದು ಅವನೇ ಹೇಳಿದನು. ಈ ವಿಷಯದಲ್ಲಿ ಅಮೆರಿಕದವರು ಶ್ಮೆಲಿಂಗನಿಗೆ ಮಾಡಿದ್ದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಒಂದು ವರ್ಷ ಕಳೆಯಿತು. ೧೯೩೮ನೆಯ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯವು ಆಸ್ಟ್ರಿಯಾ ದೇಶವನ್ನು ನುಂಗಿತು. ಮೇ ತಿಂಗಳಲ್ಲಿ ಶ್ಮೆಲಿಂಗನು ನ್ಯೂಯಾರ್ಕಿನಲ್ಲಿ ಹಡಗಿನಿಂದ ಇಳಿದಾಗ ಅವನನ್ನು ಧಿಕ್ಕರಿಸುವ ಫಲಕಗಳನ್ನು ಹಿಡಿದ ಜನ ಕಾದಿತ್ತು. ಎರಡು ವರ್ಷದ ಹಿಂದೆ ಅವನ ಕೈ ಕುಲುಕಲು ನೂಕಾಡಿದ ಊರು ಅದೇ. ಇನ್ನು ಲೂಯಿಸನ ಪಾಡು ಬೇರೆ ಬಗೆಯದು. ತಾನು ಹುಟ್ಟಿದ ಅಲಬಾಮಾದಲ್ಲಿ ಬಿಳಿಯರ ಹೋಟಲಿನೊಳಗೆ ಕಾಲಿಡಲು ಅವನಿಗೆ ಹಕ್ಕಿಲ್ಲ. ಅಲ್ಲಿ ಅವನ ಜನರು ಓಟು ಕೊಡುವಂತಿರಲಿಲ್ಲ. ಅಂಥ ಅವನನ್ನು ಈಗ ಬಿಳಿಯರು ಕೂಡ ಸ್ವಾತಂತ್ರ್ಯದ ವೀರನೆಂದು ಕೊಂಡಾಡತೊಡಗಿದರು.

ಜೂನ್ ೨೨. ಯಾಂಕಿ ಸ್ಟೇಡಿಯಮ್ಮಿನಲ್ಲಿ ಸುಮಾರು ಎಪ್ಪತ್ತು ಸಾವಿರ ಜನ. ರೇಡಿಯೋ ಕೇಳುತ್ತಿದ್ದವರು ಅಮೆರಿಕದಲ್ಲಿಯೇ ಏಳು ಕೋಟಿಯೆಂದು ಅಂದಾಜು. ಜರ್ಮನಿಯಲ್ಲಿ ಆಗ ಬೆಳಗಿನ ಜಾವ ಮೂರು ಗಂಟೆ. ಅಲ್ಲಿಯೂ ಜನ ಎದ್ದು ಕುಳಿತಿದ್ದರು. ಶ್ಮೆಲಿಂಗನು ಕಣಕ್ಕೆ ನಡೆದು ಬರುವಾಗ ಅವನ ಮೇಲೆ ಬಾಳೆಯಹಣ್ಣಿನ ಸಿಪ್ಪೆ, ಕಾಗದದ ಲೋಟ, ಸಿಗರೇಟಿನ ಪೊಟ್ಟಣಗಳು ಬಿದ್ದವು. ಜೋ ಜೇಕಬ್ಸನಿಗೆ ಬೇರೊಂದು ಕಾರಣದಿಂದ ಆ ರಾತ್ರಿ ಅವನ ಮೂಲೆಯಲ್ಲಿ ನಿಲ್ಲಲು ಅನುಮತಿ ದೊರೆತಿರಲಿಲ್ಲ. ಇದ್ದವನು ಜರ್ಮನಿಯ ಗುರು ಮ್ಯಾಕ್ಸ್ ಮಾಖನ್ ಒಬ್ಬನೇ ಆಪ್ತನು.

ಗಂಟೆ ಬಾರಿಸಿತು. ಲೂಯಿಸನ ಎಡಗೈ ಈ ಬಾರಿ ಕೆಳಗಿಳಿಯಲಿಲ್ಲ. ಎರಡು ವರ್ಷ ಬ್ಲ್ಯಾಕ್‌ಬರ್ನನು ಅವನನ್ನು ತಿದ್ದಿದ್ದನು. ಎಡಗೈ ಗುದ್ದುಗಳು ಒಂದರ ಹಿಂದೊಂದು ಮುಖಕ್ಕೆ ಬಿದ್ದವು. ಬಳಿಕ ಬಲಗೈ ದವಡೆಗೆ. ಶ್ಮೆಲಿಂಗನು ಹಿಂದಕ್ಕೆ ಜರುಗಿ ಮೇಲಿನ ಹಗ್ಗವನ್ನು ತೋಳಿನಲ್ಲಿ ತಬ್ಬಿಕೊಂಡು ಪಕ್ಕಕ್ಕೆ ತಿರುಗಿದನು. ಅದೇ ಕ್ಷಣದಲ್ಲಿ ಬೆನ್ನಿನ ಪಕ್ಕಕ್ಕೆ ಒಂದು ಗುದ್ದು ಬಿತ್ತು. ಆಗ ಅವನು ಕೂಗಿಕೊಂಡ ದನಿಯು ಕಣದ ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಬೆನ್ನೆಲುಬಿನ ಒಂದು ಭಾಗ ಮುರಿದಿತ್ತೆಂದು ಆಮೇಲೆ ವೈದ್ಯರು ಕಂಡರು. ಮೂರು ಸಲ ಬಿದ್ದನು, ಎರಡು ಸಲ ಎದ್ದನು. ಮಾಖನನು ಸೋಲನ್ನೊಪ್ಪಿ ಕಣದೊಳಕ್ಕೆ ಟವಲನ್ನು ಎಸೆದನು. ನ್ಯೂಯಾರ್ಕಿನ ಕಟ್ಟಳೆಯಲ್ಲಿ ಟವಲಿಗೆ ಬೆಲೆಯಿರಲಿಲ್ಲವಾದ್ದರಿಂದ ಮಧ್ಯಸ್ಥನಾದ ಆರ್ಥರ್ ಡೊನೊವನನು ಅದನ್ನೆತ್ತಿ ಆಚೆಗೆಸೆದನು. ಟವಲು ಹಗ್ಗದ ಮೇಲೆ ತೂಗಾಡಿತು. ಅನಂತರ ಅವನೇ ಕಾಳಗವನ್ನು ನಿಲ್ಲಿಸಿದನು. ಆಗ ಗಡಿಯಾರದಲ್ಲಿ ಆಗಿದ್ದುದು ಎರಡು ನಿಮಿಷ, ನಾಲ್ಕು ಸೆಕೆಂಡು. ಹದಿನೈದು ಸುತ್ತಿಗೆ ಟಿಕೆಟು ಕೊಂಡವರಲ್ಲಿ ತಡವಾಗಿ ಬಂದವರಿಗೆ ಕಾಣಿಸಿದ್ದು ಎದ್ದುಹೋಗುವ ಜನರ ಬೆನ್ನು.

ಹಾರ್ಲೆಮ್ ಬೀದಿಗಳಲ್ಲಿ ಆ ರಾತ್ರಿ ಜಾತ್ರೆ. ಡಬ್ಬಿಗಳನ್ನು ಬಡಿದರು, ಕುಣಿದರು, ಅತ್ತರು. ತಮ್ಮವನೊಬ್ಬನು ಬಿಳಿಯನನ್ನು ಬಹಿರಂಗವಾಗಿ ಹೊಡೆದು, ದೇಶವೇ ಅದಕ್ಕಾಗಿ ಚಪ್ಪಾಳೆ ತಟ್ಟಿತೆಂಬುದು ಅವರು ಅದುವರೆಗೆ ಕಂಡರಿಯದ ಸಂಗತಿ. ಶ್ಮೆಲಿಂಗನು ಆಸ್ಪತ್ರೆಯಲ್ಲಿ ಮಲಗಿದ್ದು ಹಡಗಿನಲ್ಲಿ ಊರಿಗೆ ಮರಳಿದನು. ಈ ಬಾರಿ ವಿಮಾನನೌಕೆಯಿಲ್ಲ, ಮಂತ್ರಿಗಳ ಔತಣವಿಲ್ಲ.

ಕಾಳಗದ ಕಥೆ ಇಲ್ಲಿಗೆ ಮುಗಿಯಿತು. ಆದರೆ ನಾವು ಬರೆಯಲು ಕುಳಿತದ್ದು ಇದರ ಮುಂದಿನದಕ್ಕಾಗಿ.

ಅದೇ ವರ್ಷ ನವೆಂಬರ್ ೯ರ ರಾತ್ರಿ ಜರ್ಮನಿಯಲ್ಲೆಲ್ಲ ಯೆಹೂದಿಗಳ ಅಂಗಡಿಗಳನ್ನು ಒಡೆದು, ಮಂದಿರಗಳಿಗೆ ಬೆಂಕಿಯಿಟ್ಟು, ಜನರನ್ನು ಸೆರೆಗೆಳೆದರು. ಶ್ಮೆಲಿಂಗನಿಗೆ ಲೆವಿನ್ ಎಂಬ ಯೆಹೂದಿ ಗೆಳೆಯನೊಬ್ಬನಿದ್ದನು. ಅವನ ಹದಿಹರೆಯದ ಮಕ್ಕಳಿಬ್ಬರು, ಹೆನ್ರಿ ಮತ್ತು ವರ್ನರ್, ತಮ್ಮನ್ನು ಕಾಪಾಡೆಂದು ಇವನಲ್ಲಿಗೆ ಬಂದರು. ಇವನು ಬರ್ಲಿನ್ನಿನ ಎಕ್ಸೆಲ್ಸಿಯರ್ ಹೋಟಲಿನ ತನ್ನ ಕೊಠಡಿಯಲ್ಲಿ ಅವರನ್ನು ಅಡಗಿಸಿಟ್ಟನು. ತನಗೆ ಮೈಯಲ್ಲಿ ಸ್ವಸ್ಥವಿಲ್ಲ, ಯಾರನ್ನೂ ಮೇಲಕ್ಕೆ ಬಿಡಬೇಡಿರೆಂದು ಕೆಳಗೆ ಹೇಳಿಕಳುಹಿಸಿದನು. ಗಲಭೆ ಅಡಗಿದ ಮೇಲೆ ಅವರು ದೇಶಬಿಟ್ಟು ಹೋಗಲು ನೆರವಾದನು. ಸಿಕ್ಕಿಬಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯುದ್ಧ ಬಂದಿತು. ಮೂವತ್ತೈದು ವರ್ಷದ ಶ್ಮೆಲಿಂಗನನ್ನು ಪ್ಯಾರಚೂಟ್ ದಳಕ್ಕೆ ಸೇರಿಸಿ, ೧೯೪೧ನೆಯ ಮೇ ತಿಂಗಳಲ್ಲಿ ಕ್ರೀಟ್ ದ್ವೀಪದ ಮೇಲೆ ಇಳಿಸಿದರು, ಗಾಯಗೊಂಡನು. ಇಂಗ್ಲಿಷರು ಸೆರೆಯಾಳುಗಳನ್ನು ಕ್ರೂರವಾಗಿ ನಡೆಸಿಕೊಂಡರೆ ಎಂದು ಅಮೆರಿಕದ ವರದಿಗಾರನೊಬ್ಬನು ಕೇಳಿದಾಗ, ತಾನು ಅಂಥದೇನನ್ನೂ ಕಾಣಲಿಲ್ಲವೆಂದು ಹೇಳಿ ಗೋಬೆಲ್ಸನ ಕೋಪಕ್ಕೆ ಗುರಿಯಾದನು.

ಲೂಯಿಸನೂ ೧೯೪೨ರಲ್ಲಿ ಸೈನ್ಯಕ್ಕೆ ಸೇರಿದನು. ಆ ವರ್ಷದ ಎರಡು ಕಾಳಗಗಳಲ್ಲಿ ಬಂದ ತನ್ನ ಹಣವನ್ನು ನೌಕಾದಳದ ಮತ್ತು ಸೈನ್ಯದ ಪರಿಹಾರ ನಿಧಿಗಳಿಗೆ ಕೊಟ್ಟನು. ಆ ಸೈನ್ಯದಲ್ಲಿ ಕರಿಯರ ದಳವೇ ಬೇರೆ, ಬಿಳಿಯರದೇ ಬೇರೆ. ೧೯೪೪ರಲ್ಲಿ ಅಲಬಾಮಾದ ಒಂದು ಶಿಬಿರದಲ್ಲಿ ಅವನೂ ಇನ್ನೊಬ್ಬ ಪ್ರಖ್ಯಾತ ಮಲ್ಲನಾದ ಶುಗರ್ ರೇ ರಾಬಿನ್ಸನನೂ ಬಸ್ಸಿಗಾಗಿ ಕಾಯುತ್ತಿದ್ದರು. ಕರಿಯರ ಬೆಂಚಿಗೆ ಹೋಗೆಂದು ಸೈನ್ಯದ ಪೋಲೀಸಿನವನು ಗದರಿಸಿದನು. ಇವರು ಒಪ್ಪಲಿಲ್ಲ, ಹಿಡಿದು ಕೊಂಡೊಯ್ದರು. ಹಿಟ್ಲರನ ಜಂಭವನ್ನು ಮುರಿದನೆಂದು ದೇಶವೆಲ್ಲ ಹೊಗಳಿದ ಮನುಷ್ಯನಿಗೆ ಆ ದೇಶದ ಬಸ್ ನಿಲ್ದಾಣದಲ್ಲಿ ಬೇಕಾದ ಬೆಂಚಿನಲ್ಲಿ ಕೂಡುವ ಹಕ್ಕಿರಲಿಲ್ಲ.

ಅವನು ಇಪ್ಪತ್ತೈದು ಸಲ ತನ್ನ ಬಿರುದನ್ನು ಉಳಿಸಿಕೊಂಡು ೧೯೪೯ರಲ್ಲಿ ನಿವೃತ್ತನಾದನು. ಕೈ ಬಹಳ ಉದಾರ. ಹಿಂದೆ ಕಷ್ಟಕಾಲದಲ್ಲಿ ತನ್ನ ಮನೆಯವರಿಗೆ ಡೆಟ್ರಾಯಿಟ್ ನಗರದವರು ಕೊಟ್ಟಿದ್ದ ಸಹಾಯಧನವನ್ನು ಗೆದ್ದು ಸಂಪಾದಿಸಿದ ಕೂಡಲೆ ಹಿಂದಕ್ಕೆ ತೀರಿಸಿದ್ದವನು ಅವನು. ಆದರೆ ಲೆಕ್ಕ ಇಡುವುದನ್ನರಿಯನು. ಪರಿಹಾರ ನಿಧಿಗೆ ದಾನ ಕೊಟ್ಟ ಹಣವನ್ನೂ ಅವನ ಆದಾಯವೆಂದೇ ಹಿಡಿದು ಸರ್ಕಾರದವರು ತೆರಿಗೆ ಕೇಳಿದರು. ಬಡ್ಡಿ ಸೇರಿ ಅದು ಹತ್ತು ಲಕ್ಷ ಡಾಲರನ್ನು ದಾಟಿತು. ಅದಕ್ಕಾಗಿ ಮತ್ತೆ ಕಣಕ್ಕಿಳಿದು ೧೯೫೧ರಲ್ಲಿ ರಾಕಿ ಮಾರ್ಸಿಯಾನೋವಿನ ಕೈಯಲ್ಲಿ ಪೆಟ್ಟು ತಿಂದು ಬಿದ್ದನು. ಬಳಿಕ ಹೊಟ್ಟೆಪಾಡಿಗೆ ನಾಟಕದ ಕುಸ್ತಿಯಾಡಿದನು. ೧೯೫೩ರಲ್ಲಿ ತಾಯಿ ತೀರಿಕೊಂಡಾಗ ಮಗನಿಗೆಂದು ಬಿಟ್ಟಿದ್ದ ಆರುನೂರು ಚಿಲ್ಲರೆ ಡಾಲರನ್ನೂ ತೆರಿಗೆಯವರು ಬಿಡಲಿಲ್ಲವೆಂದರೆ, ಪಿಟೀಲಿಗೆಂದು ಕೂಡಿಟ್ಟು ಕೊಡುತ್ತಿದ್ದ ಆ ತಾಯಿಯ ನೆನಪಾಗಿ ನಮಗೆ ಬಹಳ ಕಷ್ಟವಾಗುತ್ತದೆ.

ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಶ್ಮೆಲಿಂಗನ ಅದೃಷ್ಟವು ಬೇರೆ ಕಡೆಗೆ ತಿರುಗಿತು. ನಲವತ್ತು ದಾಟಿದ ಮೇಲೆ ಹಣಕ್ಕಾಗಿ ಕೆಲವು ಕಾಳಗಗಳನ್ನಾಡಿ, ಕಡೆಗೆ ಹ್ಯಾಂಬರ್ಗಿನಲ್ಲಿ ಕೋಕ-ಕೋಲ ಪಾನೀಯದ ವ್ಯಾಪಾರ ಹಿಡಿದು ಧನಿಕನಾದನು. ೧೯೫೪ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಎರಡು ಭೇಟಿಗಳನ್ನು ಮಾಡಿದನು. ಒಂದು, ತೀರಿಹೋಗಿದ್ದ ಜೋ ಜೇಕಬ್ಸನ ಸಮಾಧಿಗೆ. ಇನ್ನೊಂದು, ಷಿಕಾಗೋವಿನಲ್ಲಿ ಜೋ ಲೂಯಿಸನ ಮನೆಗೆ. ಹದಿನಾರು ವರ್ಷದ ಮೇಲೆ ಅವರು ಎದುರುಬದುರು ಕುಳಿತು ಮಾತನಾಡಿದರು. ತಮ್ಮತಮ್ಮಲ್ಲಿ ಹಗೆಯೆಂಬುದು ಎಂದೂ ಇರಲಿಲ್ಲವೆಂಬುದು ಇಬ್ಬರಿಗೂ ತಿಳಿದೇ ಇತ್ತು. ಅಂದಿನಿಂದ ಬೆಳೆದ ಸ್ನೇಹ ಕಡೆಯವರೆಗೂ ನಿಂತಿತು. ಆ ಸೋಲು ತನಗೆ ಒಳ್ಳೆಯದೇ ಆಯಿತೆಂದು ಶ್ಮೆಲಿಂಗನು ಮುದಿತನದಲ್ಲಿ ಹೇಳಿದ್ದುಂಟು. ಗೆದ್ದಿದ್ದರೆ ನಾಜಿಗಳು ತನಗೆ ಪದಕ ತೊಡಿಸುತ್ತಿದ್ದರು, ಯುದ್ಧವಾದ ಮೇಲೆ ಜನ ತನ್ನನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸುತ್ತಿದ್ದರು ಎಂದು.

ಲೂಯಿಸನು ಕೊನೆಯ ವರ್ಷಗಳಲ್ಲಿ ಲಾಸ್ ವೇಗಾಸಿನ ಒಂದು ದೊಡ್ಡ ಜೂಜಿನ ಹೋಟಲಿನಲ್ಲಿ ಬಂದವರ ಕೈಕುಲುಕುವ ಕೆಲಸದಲ್ಲಿದ್ದನು. ದೇಹವೂ ಬುದ್ಧಿಯೂ ಕುಗ್ಗಿದ್ದವು. ಈ ಕಾಲದಲ್ಲಿ ಶ್ಮೆಲಿಂಗನು ಸದ್ದಿಲ್ಲದೆ ಹಣದ ಸಹಾಯ ಮಾಡಿದನು. ೧೯೮೧ನೆಯ ಏಪ್ರಿಲ್ ೧೨ರಂದು ಲೂಯಿಸನು ತೀರಿಕೊಂಡನು. ಅಧ್ಯಕ್ಷ ರೇಗನರು ನಿಯಮವನ್ನು ಸಡಿಲಿಸಿದ್ದರಿಂದ ಸೈನಿಕರ ಪೂಜ್ಯಸ್ಥಳವಾದ ಆರ್ಲಿಂಗ್‌ಟನ್ನಿನಲ್ಲಿ ಅವನನ್ನು ಮಣ್ಣುಮಾಡಿದರು. ಆ ಖರ್ಚಿನಲ್ಲಿ ಒಂದು ಭಾಗವನ್ನು ಕೊಟ್ಟವನು ಶ್ಮೆಲಿಂಗ್.

ಬರ್ಲಿನ್ನಿನ ಹೋಟಲು ಕೊಠಡಿಯ ಕಥೆಯು ಲೋಕಕ್ಕೆ ತಿಳಿದದ್ದು ೧೯೮೯ರಲ್ಲಿ. ಅಂದು ಅಡಗಿದ್ದ ಹೆನ್ರಿ ಲೆವಿನ್ ಅಮೆರಿಕಕ್ಕೆ ಹೋಗಿ ತಾನೇ ದೊಡ್ಡ ಹೋಟಲುಗಳನ್ನು ನಡೆಸುವವನಾಗಿದ್ದನು. ಅವನು ಮುದುಕನಾದ ಶ್ಮೆಲಿಂಗನನ್ನು ಕರೆಸಿ, ನೂರಾರು ಜನರ ಮುಂದೆ ಅದನ್ನು ಹೇಳಿದನು. ಐವತ್ತು ವರ್ಷ ಶ್ಮೆಲಿಂಗನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿರಲಿಲ್ಲ. ೨೦೦೫ನೆಯ ಫೆಬ್ರವರಿ ೨ರಂದು, ನೂರು ತುಂಬಲು ಎಂಟು ತಿಂಗಳಿರುವಾಗ, ಅವನು ತೀರಿಕೊಂಡನು. ಆನಿ ಓಂಡ್ರಾ ೧೯೮೭ರಲ್ಲಿಯೇ ಹೋಗಿದ್ದಳು. ಹ್ಯಾಂಬರ್ಗಿನ ಬಳಿಯ ಹಾಲನ್‌ಸ್ಟೆಟ್ ಎಂಬ ಹಳ್ಳಿಯಲ್ಲಿ ಆಕೆಯ ಪಕ್ಕದಲ್ಲಿಯೇ ಅವನನ್ನೂ ಮಲಗಿಸಿದ್ದಾರೆ.